ಹಿಟ್ಟು ರುಬ್ಬುವ ಕಲ್ಲಿನಲ್ಲಿ ಚಾಕೊಲೇಟ್

ಮೈಸೂರಿನಲ್ಲಿ 2012ರಲ್ಲಿ ‘ಅರ್ಥ್ ಲೋಫ್’ ಶುರುವಾದಾಗ, ಕೊಕ್ಕೊ ಬೀಜವನ್ನೇ ತಂದು ಹುರಿದು, ಅರೆದು, ಬಾರ್ ಮಾಡುವ ಪುಟ್ಟ ಘಟಕಗಳು ದೇಶದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಡೇವಿಡ್ ಬೆಲೊ ಮತ್ತು ಆಂಜೆಲಿಕಾ ಅನಗ್ನೊಸ್ಟೂ ಕಟ್ಟಿದ ಆ ಸಂಸ್ಥೆ ಈಗ ‘ನವಿಲುನ’. ಅಲ್ಲಿ ಬಳಸುವುದು ನಮ್ಮ ನೆಲದ ಕೊಕ್ಕೊ ಮಾತ್ರ. ಆಮೇಲೆ ಆರೋವಿಲ್‌ನ ‘ಮೇಸನ್ ಅಂಡ್ ಕೊ’, ಕೊಚ್ಚಿಯ ‘ಪೌಲ್ ಅಂಡ್ ಮೈಕ್’ ಬಂದವು. ಕೊಚ್ಚಿಯವರ ಕಿತ್ತಳೆ ಸಿಪ್ಪೆ, ಸಿಚುವಾನ್ ಪೆಪ್ಪರ್ ಬೆರೆಸಿದ ಬಾರ್ 2021ರಲ್ಲಿ ಇಂಟರ್‌ನ್ಯಾಷನಲ್ ಚಾಕೊಲೇಟ್ ಅವಾರ್ಡ್ಸ್‌ನ ಬೆಳ್ಳಿ ಪದಕ ಗೆದ್ದಿತು.

ಸಣ್ಣವರಿಗೆ ಈ ದಾರಿ ತೆರೆದದ್ದು ನಮ್ಮ ಅಡುಗೆಮನೆಯ ವೆಟ್ ಗ್ರೈಂಡರ್! ಕಾರ್ಖಾನೆಯ ಯಂತ್ರಗಳಿಗೆ ಟನ್ನುಗಟ್ಟಲೆ ಬೀಜ ಬೇಕು. ಅಮೆರಿಕದ ಜಾನ್ ನ್ಯಾನ್ಸಿ ಈ ಶತಮಾನದ ಆರಂಭದ ವರ್ಷಗಳಲ್ಲಿ, ಇಡ್ಲಿ ಹಿಟ್ಟಿನ ಕಲ್ಲಿನಲ್ಲೇ ಕೊಕ್ಕೊ ಅರೆಯಬಹುದೆಂದು ತೋರಿಸಿಕೊಟ್ಟರು. ಕೊಯಮತ್ತೂರಿನ ಗ್ರೈಂಡರ್‌ಗಳು ಇಂದು ಎಷ್ಟೋ ದೇಶಗಳ ಚಾಕೊಲೇಟ್ ಕೋಣೆಗಳಲ್ಲಿ ತಿರುಗುತ್ತಿವೆ.

ನೋಡುವುದಕ್ಕೇ ಚೆಂದದ ಕೆಲಸ. ಹುರಿದು ಸಿಪ್ಪೆ ಹಾರಿಸಿದ ನುಚ್ಚು ಕಲ್ಲಿಗೆ ಬಿದ್ದಾಗ ಮೊದಲು ಗರಗರ ಸದ್ದು. ತಿಕ್ಕಾಟದ ಬಿಸಿಗೆ ಬೀಜದೊಳಗಿನ ಬೆಣ್ಣೆ ಕರಗುತ್ತಾ ಬಂದಂತೆ, ನುಚ್ಚು ದೋಸೆ ಹಿಟ್ಟಿನಂತೆ ಹರಿಯತೊಡಗುತ್ತದೆ. ನೀರು ಮಾತ್ರ ಸೋಕಬಾರದು. ಒಂದಿಷ್ಟು ಬಿದ್ದರೂ ಗಂಟುಗಟ್ಟಿ ಕೆಡುತ್ತದೆ. ನಾಲಿಗೆಗೆ ತರಿ ಸಿಗದಂತಾಗಲು ಒಂದೆರಡು ದಿನ, ಕೆಲವೊಮ್ಮೆ ಮೂರು ದಿನ ಕಲ್ಲು ತಿರುಗುತ್ತಲೇ ಇರಬೇಕು. ಆಮೇಲೆ ಟೆಂಪರಿಂಗ್: ಸುಮಾರು 45 ಡಿಗ್ರಿಗೆ ಕಾಯಿಸಿ, 27ಕ್ಕೆ ಇಳಿಸಿ, ಮತ್ತೆ 31ಕ್ಕೆ ಏರಿಸಿದರೆ ಬಾರಿಗೆ ಹೊಳಪು, ಮುರಿದಾಗ ಟಕ್ ಎನ್ನುವ ಸದ್ದು.

ಆದರೆ ರುಚಿಯ ಬುಡ ಇರುವುದು ತೋಟದಲ್ಲಿ. ಕಾಯಿ ಒಡೆದು ತೆಗೆದ ಹಸಿ ಬೀಜವನ್ನು ಬಿಳಿ ತಿರುಳಿನ ಸಮೇತ ಮರದ ಪೆಟ್ಟಿಗೆಯಲ್ಲಿ ಐದಾರು ದಿನ ಹುಳಿಯಲು ಬಿಡಬೇಕು, ನಡುವೆ ಮಗುಚಬೇಕು, ಆಮೇಲೆ ಬಿಸಿಲಿಗೆ ಹರವಬೇಕು. ಇಲ್ಲಿ ಎಡವಿದರೆ ಯಾವ ಗ್ರೈಂಡರೂ ಸರಿಪಡಿಸಲಾರದು.

ದಕ್ಷಿಣ ಕನ್ನಡದ ಅಡಿಕೆ ತೋಟಗಳಿಗೆ ಕೊಕ್ಕೊ ಹೊಸದಲ್ಲ. ಕೊಳ್ಳುವವರಿಲ್ಲದೆ ಬೆಳೆಗಾರರು ಕಂಗಾಲಾಗಿದ್ದಾಗ ಖರೀದಿಗೆ ಇಳಿದ ಕ್ಯಾಂಪ್ಕೊ, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಸಹಕಾರಿ ಸಂಸ್ಥೆಯೊಂದರ ಈ ಧೈರ್ಯ ಸಣ್ಣದಲ್ಲ. ಅಷ್ಟು ದೊಡ್ಡ ಪ್ರಮಾಣದ ಖರೀದಿ ಪುಟ್ಟ ಘಟಕಗಳಿಗೆ ಸಾಧ್ಯವಿಲ್ಲ. ಅವು ಮಾಡಬಹುದಾದದ್ದು, ಚೆನ್ನಾಗಿ ಹುಳಿಸಿ ಒಣಗಿಸಿದ ಬೀಜಕ್ಕೆ ಬೆಳೆಗಾರನಿಗೆ ಹೆಚ್ಚು ದರ ಕೊಡುವುದು. ಜಾಗತಿಕ ಮಾರುಕಟ್ಟೆಯಲ್ಲಿ ಕೊಕ್ಕೊ ಬೆಲೆ 2024ರಲ್ಲಿ ಟನ್ನಿಗೆ 10,000 ಡಾಲರ್ ದಾಟಿತ್ತು. ಇಂಥ ಏರಿಳಿತದ ನಡುವೆ ತೋಟದ ಜತೆಗಿನ ನಂಟೇ ಈ ವ್ಯಾಪಾರದ ನಿಜವಾದ ಬಂಡವಾಳ; ಚೆಂದದ ಹೊದಿಕೆ ಆಮೇಲಿನ ಮಾತು.

ಪ್ರವಾಸಿ ತಾಣಗಳಲ್ಲಿ ‘ಹೋಮ್‌ಮೇಡ್’ ಎಂದು ಮಾರುವುದರಲ್ಲಿ ಬಹಳಷ್ಟು, ಬೇರೆ ಕೊಬ್ಬು ಬೆರೆತ ಸಿದ್ಧ ಕಾಂಪೌಂಡ್ ಕರಗಿಸಿ ಅಚ್ಚಿಗೆ ಹೊಯ್ದದ್ದು. ಮುಂದಿನ ಸಲ ಕೊಳ್ಳುವಾಗ ಲೇಬಲ್ ಓದಿ: ಕೊಕ್ಕೊ ಬೆಣ್ಣೆ ಇದೆಯೇ, ಬೀಜ ಯಾವ ಊರಿನದು? ಊರಿನ ಹೆಸರು ಬರೆದಿದ್ದರೆ ನಾಲ್ಕು ಕಾಸು ಹೆಚ್ಚಾದರೂ ಒಮ್ಮೆ ಕೊಂಡು ನೋಡಿ.