ಗೋಡೆಗೆ ಯಾವ ಬಳ್ಳಿ, ನೆಲಕ್ಕೆ ಯಾವ ಬಳ್ಳಿ?

ಕಾಲೇಜಿನಲ್ಲಿ ನಾಲ್ಕು ಇಂಗ್ಲಿಷ್ ಪದ್ಯ ಓದಿದವರೆಲ್ಲ ‘ಐವಿ’ ಬಳ್ಳಿಯ ಹೆಸರನ್ನು ಕೇಳಿಯೇ ಇರುತ್ತಾರೆ. ಹಳೆಯ ಇಗರ್ಜಿ, ಪಾಳುಬಿದ್ದ ಕೋಟೆ, ಅವುಗಳ ಗೋಡೆಯನ್ನು ಮುಚ್ಚಿದ ಮೂಲೆಮೂಲೆಯ ಕಡುಹಸುರು ಎಲೆ: ಈ ಚಿತ್ರ ಮನಸ್ಸಿನಿಂದ ಅಳಿಯುವುದಿಲ್ಲ. ಆದುದರಿಂದಲೇ ಠಾಣೆಯ ಘೋಡ್‌ಬಂದರ್ ರಸ್ತೆಯ ನರ್ಸರಿಗೆ ಹೋಗಿ “ಐವಿ ಉಂಟೇ?” ಎಂದು ವಿಚಾರಿಸುವವರು ನಮ್ಮಲ್ಲೂ ಇದ್ದಾರೆ. “ಉಂಟು” ಎಂಬ ಉತ್ತರ ಸಿಗುವುದೇನೂ ಕಷ್ಟವಲ್ಲ. ಆದರೆ ಆ ಬಳ್ಳಿ ನಮ್ಮ ಗ್ಯಾಲರಿಯಲ್ಲಿ ಎಷ್ಟು ದಿನ ಬದುಕೀತು ಎಂಬುದನ್ನು ಮೊದಲೇ ತಿಳಿದಿದ್ದರೆ ಒಳ್ಳೆಯದು.

ಐವಿ ಚಳಿ ನಾಡಿನ ಗಿಡ. ಅದರ ತವರು ಯೂರೋಪು ಮತ್ತು ಪಶ್ಚಿಮ ಏಷ್ಯ. ನಮ್ಮ ದೇಶದಲ್ಲಿ ಹಿಮಾಲಯದ ಕಾಡುಗಳಲ್ಲಿ ಅದರ ಒಡಹುಟ್ಟೊಂದು ತಾನಾಗಿ ಬೆಳೆಯುತ್ತದೆ. ಊಟಿಯಂಥ ತಂಪು ಊರುಗಳಲ್ಲಿ ಐವಿಯನ್ನು ಹಬ್ಬಿಸಬಹುದು. ಠಾಣೆ, ಕಲ್ಯಾಣಗಳ ಮಾತು ಬೇರೆ. ಡಿಸೆಂಬರಿನಲ್ಲಿ ತಂದ ಪುಟ್ಟ ಕುಂಡ ಸಂಕ್ರಾಂತಿಯವರೆಗೆ ನಗುನಗುತ್ತ ಇರುತ್ತದೆ. ಚೈತ್ರದ ಸೆಕೆಗೆ ಎಲೆಯಡಿ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಹತ್ತುತ್ತದೆ. ಅದನ್ನು ದಾಟಿ ಉಳಿದರೆ ಆಷಾಢದ ಮಳೆಗೆ ಬೇರು ಕೊಳೆಯುತ್ತದೆ. ಐವಿಯ ರಸ ಕೆಲವರ ಚರ್ಮಕ್ಕೆ ಆಗದು, ಕಾಯಿ ವಿಷ. ಚಿಕ್ಕ ಮಕ್ಕಳಿರುವ ಮನೆಗೆ ಇದೂ ಒಂದು ಯೋಚನೆ.

ಹಾಗೆಂದು ಗೋಡೆಗೆ ಹಸುರು ಉಡಿಸುವ ಆಸೆಯನ್ನು ಬಿಡಬೇಕಾಗಿಲ್ಲ. ಬೆಂಗಳೂರಿನ ಹಳೆಯ ಬಂಗಲೆಗಳ ಕಾಂಪೌಂಡಿಗೆ ಹಸುರು ಚಾಪೆ ಅಂಟಿಸಿದಂತೆ ಹಬ್ಬಿರುವ ಸಣ್ಣೆಲೆಯ ಬಳ್ಳಿಯನ್ನು ವಾಚಕರು ನೋಡಿರಬಹುದು. ಅನೇಕರು ಅದನ್ನೇ ಐವಿ ಎನ್ನುತ್ತಾರೆ. ವಾಸ್ತವವಾಗಿ ಅದು ಆಲ, ಅಶ್ವತ್ಥ, ಅತ್ತಿಗಳ ಕುಲಕ್ಕೆ ಸೇರಿದ್ದು. ಶಾಸ್ತ್ರದಲ್ಲಿ ಫೈಕಸ್ ಪ್ಯುಮಿಲ ಎಂದು ಹೆಸರು. ಚೀನ, ಜಪಾನುಗಳ ಕಡೆಯದು. ನಮ್ಮ ಸೆಕೆಯನ್ನೂ ಮಳೆಯನ್ನೂ ಇದು ತಾಳಿಕೊಳ್ಳುತ್ತದೆ.

ಆದರೆ ಕುಲದ ಗುಣ ಎಲ್ಲಿಗೆ ಹೋದೀತು? ಗಿಣ್ಣುಗಿಣ್ಣಿನಲ್ಲೂ ಚಿಕ್ಕ ಬೇರು ಬಿಟ್ಟು ಅದು ಗೋಡೆಯನ್ನು ಕಚ್ಚಿ ಹಿಡಿಯುತ್ತದೆ. ಗಟ್ಟಿ ಕಲ್ಲಿನ ಕಾಂಪೌಂಡಿಗೆ ಇದರಿಂದ ಅಪಾಯವಿಲ್ಲ. ನಾವು ವಾಸಿಸುವ ಕಟ್ಟಡದ ಗಿಲಾವಿಗೆ ಮಾತ್ರ ಇದನ್ನು ಹತ್ತಿಸಕೂಡದು. ಠಾಣೆಯ ಕಡೆ ವರ್ಷಕ್ಕೆ ಸುಮಾರು 2,500 ಮಿಲಿಮೀಟರ್ ಮಳೆ. ಅದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರಿನೊಳಗೇ ಸುರಿದುಬಿಡುತ್ತದೆ. ಗಿಲಾವಿನಲ್ಲಿ ಕೂದಲೆಳೆಯ ಬಿರುಕಿದ್ದರೂ ಬೇರು ಅಲ್ಲಿ ಇಳಿಯುತ್ತದೆ, ಬೇರಿನ ಹಿಂದೆ ನೀರು ಇಳಿಯುತ್ತದೆ. ಎಲೆಯ ಮರೆಯಲ್ಲಿ ಗೋಡೆ ಒಣಗುವುದೂ ನಿಧಾನ. ಕಿತ್ತು ತೆಗೆಯಹೋದರೆ ಬಣ್ಣ, ಗಿಲಾವು ಎರಡೂ ಬಳ್ಳಿಯೊಂದಿಗೆ ಬರುತ್ತವೆ. ಮೇಲಿನವರ ಬಳ್ಳಿ, ಕೆಳಗಿನವರ ಸೋರಿಕೆ, ಸೊಸೈಟಿಯ ಸಭೆಯಲ್ಲಿ ಜಗಳ! ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ಮಹಾನಗರಪಾಲಿಕೆಗಳು ಅಪಾಯಕಾರಿ ಕಟ್ಟಡಗಳ ಪಟ್ಟಿಯನ್ನು ಹೊರಡಿಸುವ ಊರುಗಳು ನಮ್ಮವು. ಡೊಂಬಿವಲಿಯ ಮೂವತ್ತು ನಲವತ್ತು ವರ್ಷದ ಕಟ್ಟಡಗಳಲ್ಲಿರುವವರು ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಕಾಗೆಗಳು ತಂದು ಬಿತ್ತುವ ಅಶ್ವತ್ಥದ ಸಸಿಗಳನ್ನೇ ಗೋಡೆಯಿಂದ ಕೀಳಲು ನಮಗೆ ಪುರಸತ್ತಿಲ್ಲ. ಅದರ ದಾಯಾದಿಯನ್ನು ಕೈಯಾರೆ ತಂದು ನೆಡುವುದೇತಕ್ಕೆ?

ಕಾಂಪೌಂಡಿಗೆ ಹಾಕುವುದಾದರೆ ಕಮಿಟಿಯ ಒಪ್ಪಿಗೆ ಪಡೆದು, ಕಟ್ಟಡದಿಂದ ದೂರದ ಮಗ್ಗುಲಲ್ಲಿ ಹಾಕಿರಿ. ವರ್ಷಕ್ಕೆ ಎರಡು ಸಲ ಕತ್ತರಿಸಬೇಕು. ಬಿಟ್ಟರೆ ದಪ್ಪ ಕೊಂಬೆಗಳು ಗೋಡೆಯಿಂದ ಹೊರಚಾಚಿ, ದೊಡ್ಡ ಎಲೆ ಬಿಟ್ಟು, ಬೇರೊಂದೇ ಗಿಡದಂತೆ ಕಾಣುತ್ತದೆ. ಮೊದಲಿನ ಸೊಗಸು ಆಮೇಲೆ ಇರುವುದಿಲ್ಲ.

ನವಿ ಮುಂಬಯಿಯಲ್ಲಿ ಸಿಡ್ಕೋ ಕಟ್ಟಿಸಿದ ಸಾಲುಮನೆಗಳಲ್ಲಿರುವವರು ಭಾಗ್ಯವಂತರು. ಬಾಗಿಲ ಮುಂದೆ ಅಂಗೈಯಗಲದ ನೆಲವಾದರೂ ಅವರಿಗುಂಟು. ಆ ನೆಲವನ್ನು ಬರಿದಾಗಿ ಬಿಟ್ಟರೆ ಮಳೆಯ ಹೊಡೆತಕ್ಕೆ ಮಣ್ಣು ಕೊಚ್ಚಿಹೋಗುತ್ತದೆ, ಗೋಡೆಯ ಬುಡಕ್ಕೆಲ್ಲ ಕೆಸರು ಸಿಡಿಯುತ್ತದೆ. ಇಂಥಲ್ಲಿ ಹಾಸಲು ನನಗೆ ಬಲು ಮೆಚ್ಚಿಕೆಯಾದದ್ದು ನರ್ಸರಿಯವರು ‘ರೆಡ್ ಐವಿ’ ಎಂದು ಮಾರುವ ಹೆಮಿಗ್ರಾಫಿಸ್. ಹೆಸರು ಮಾತ್ರ ಐವಿ. ಕುಟುಂಬ ನಮ್ಮ ಅಬ್ಬಲಿಗೆಯದು. ಠಾಣೆಯ ಮಗ್ಗುಲಿನ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಗುಡ್ಡಗಳಲ್ಲಿ ಎಂಟು ವರ್ಷಕ್ಕೊಮ್ಮೆ ನೇರಳೆ ಹೂ ತಳೆಯುವ ‘ಕಾರ್ವಿ’ಗೂ ಇದು ಹತ್ತಿರದ ನೆಂಟ. 2016ರಲ್ಲಿ ಆ ಹೂವನ್ನು ನೋಡಲು ಜನ ಹೋದದ್ದು ಕೆಲವರಿಗೆ ನೆನಪಿರಬಹುದು. ಹೆಮಿಗ್ರಾಫಿಸ್‌ನ ಎಲೆ ಮೇಲೆ ಬೂದುಹಸುರು, ಅಡಿಯಲ್ಲಿ ಕೆನ್ನೇರಳೆ. ಮೊದಲ ಮಳೆ ಬಿದ್ದ ಮೇಲೆ ನಾಲ್ಕು ಅಂಗುಲದ ತುಂಡುಗಳನ್ನು ಗೇಣಿಗೊಂದರಂತೆ ನೆಟ್ಟರೆ, ನವರಾತ್ರಿಯ ಹೊತ್ತಿಗೆ ಮಣ್ಣು ಕಾಣದಂತೆ ಹಬ್ಬುತ್ತದೆ. ಮರದ ನೆರಳಾದರೆ ಇನ್ನೂ ಲೇಸು. ವೈಶಾಖದ ನೆತ್ತಿಯ ಬಿಸಿಲಿಗೆ ಎಲೆ ಸೀಯುತ್ತದೆ.

ಹಳದಿ ಹೂವಿನ ವೆಡೇಲಿಯವನ್ನು ಯಾರಾದರೂ ಪುಕ್ಕಟೆ ಕೊಟ್ಟರೂ ಬೇಡವೆನ್ನಿ. ಅಮೆರಿಕ ಖಂಡದಿಂದ ಬಂದ ಆ ಬಳ್ಳಿ ಜಗತ್ತಿನ ನೂರು ಅತಿ ಕೆಟ್ಟ ಅತಿಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ಅಂಗಳ ದಾಟಿ ಗಟಾರದಂಚು ಹಿಡಿದು ಹೊರಟರೆ ಹಿಂದಕ್ಕೆ ಕರೆಯುವವರಿಲ್ಲ.

ಇನ್ನು ಗ್ಯಾಲರಿ. ಬೆಳಗಿನ ಲೋಕಲ್ ಹಿಡಿದು ಹೋಗಿ ರಾತ್ರಿ ಮನೆ ಸೇರುವ ನಮ್ಮಂಥವರಿಗೆ ಇರುವ ತೋಟ ಅದೊಂದೇ. ಮನಿಪ್ಲಾಂಟು ಎಲ್ಲರ ಮನೆಯಲ್ಲೂ ಇದೆ, ಅದರ ವಿಷಯ ಹೆಚ್ಚು ಹೇಳುವುದಿಲ್ಲ. ಬಾಟಲಿಯ ನೀರಿನಲ್ಲಿ ಇಟ್ಟಿದ್ದರೆ ವಾರಕ್ಕೊಮ್ಮೆಯಾದರೂ ನೀರು ಚೆಲ್ಲಿ ಬಾಟಲಿಯ ಒಳಮೈ ಉಜ್ಜಿರಿ. ಡೆಂಗಿಯ ಸೊಳ್ಳೆ ಮೊಟ್ಟೆಯಿಡುವುದು ಇಂಥ ತಿಳಿನೀರಿನ ಪಾತ್ರೆಯಲ್ಲೇ.

ಗ್ಯಾಲರಿಗೆ ನಿಜವಾಗಿ ಒಪ್ಪುವುದು ನಮ್ಮ ವೀಳ್ಯದೆಲೆಯ ಬಳ್ಳಿ. ಐವಿ ಏರುವ ರೀತಿ ಯಾವುದೋ ಇದರದೂ ಅದೇ. ಗಿಣ್ಣಿನ ಬೇರುಗಳಿಂದ ಅಡಕೆಯ ಮರವನ್ನು ತಬ್ಬಿ ಏರುತ್ತದೆ, ಮರದ ರಸವನ್ನು ಹೀರುವುದಿಲ್ಲ. ಎಲೆಯ ಹೊಳಪಿನಲ್ಲೂ ಯಾವ ವಿಲಾಯತಿ ಬಳ್ಳಿಗೂ ಕಡಿಮೆಯಿಲ್ಲ. ಅಡಕೆ ಮರವಿಲ್ಲದ ನಾವು ಬಿದಿರಿನ ಕೋಲಿಗೆ ತೆಂಗಿನ ನಾರಿನ ಹುರಿ ಸುತ್ತಿ ಕುಂಡದಲ್ಲಿ ನಿಲ್ಲಿಸಿದರಾಯಿತು. ಮೂರು ನಾಲ್ಕು ಗಿಣ್ಣಿನ ತುಂಡನ್ನು ಎರಡು ಗಿಣ್ಣು ಮಣ್ಣಿನಲ್ಲಿರುವಂತೆ ನೆಡಬೇಕು. ಎಳೆಬಿಸಿಲು ಸಾಕು, ತೇವ ಬೇಕು, ನೀರು ನಿಲ್ಲಬಾರದು. ಮುಟ್ಟು ಮೈಲಿಗೆಯಿಂದ ವೀಳ್ಯದ ಬಳ್ಳಿ ಬಾಡುತ್ತದೆಂದು ಊರಿನಲ್ಲಿ ಹೇಳುವುದನ್ನು ಕೇಳಿದ್ದೇವೆ. ಹೆಂಗಸರ ಮೇಲೆ ತಪ್ಪು ಹೊರಿಸುವ ಮೊದಲು ಕುಂಡದ ತಳದ ತೂತನ್ನು ನೋಡಿರಿ; ನೀರು ಕಟ್ಟಿದಾಗ ಬುಡ ಕೊಳೆಯುವುದೇ ಈ ಬಳ್ಳಿಯ ದೊಡ್ಡ ರೋಗ. ವರ್ಷ ಕಳೆದರೆ ಗೌರಿ ಗಣೇಶನ ಹಬ್ಬಕ್ಕೆ ಎಲೆ ಕೊಳ್ಳಲು ದಾದರಿನ ಜನಜಂಗುಳಿಗೆ ಇಳಿಯಬೇಕಾಗಿಲ್ಲ.

ಬಿಸಿಲು ಹೆಚ್ಚು ಬೀಳುವ ಪಡುವಣ ಗ್ಯಾಲರಿಗೆ ವೀಳ್ಯ ಆಗದು, ಅಲ್ಲಿ ಬಸಳೆ ಹಾಕಿರಿ. ಇದು ಬೇರೂರಿ ಹತ್ತುವ ಜಾತಿಯಲ್ಲ, ಸುತ್ತಿ ಹಬ್ಬುವ ಜಾತಿ; ಗೋಡೆಗೆ ಏನೂ ಬಾಧೆಯಿಲ್ಲ. ಗ್ರಿಲ್ಲಿಗೆ ನಾಲ್ಕು ಎಳೆ ಹುರಿ ಕಟ್ಟಿದರೆ ಅದೇ ಚಪ್ಪರ. ಅಡಿಗೆಗೆ ತಂದ ಸೊಪ್ಪಿನ ದಪ್ಪ ದಂಟನ್ನೇ ನೆಟ್ಟರೆ ಚಿಗುರುತ್ತದೆ. ಮಾರುಕಟ್ಟೆಯಲ್ಲಿ ಬಸಳೆ ಎಂದರೆ ತಿಳಿಯದು, ‘ಮಯಾಳು’ ಎಂದು ಕೇಳಬೇಕು. ನೆರೆಯ ಮರಾಠಿ ಗೃಹಿಣಿಯರು ಅದರ ಎಲೆಯನ್ನು ಕಡಲೆಹಿಟ್ಟಿನಲ್ಲಿ ಅದ್ದಿ ಭಜಿ ಕರಿಯುತ್ತಾರೆ. ನಮ್ಮ ದಕ್ಷಿಣ ಕನ್ನಡದವರಿಗೆ ಹಲಸಿನ ಬೀಜ ಹಾಕಿದ ಹುಳಿಯೇ ಆಗಬೇಕು. ಬಳ್ಳಿಯಲ್ಲಿ ಒಂದಿಷ್ಟು ಕಾಯಿ ಕೀಳದೆ ಬಿಡಿರಿ. ಮಾಗಿ ಕಪ್ಪಾದ ಮೇಲೆ ಹಿಚುಕಿದರೆ ಚೆಂದದ ನೇರಳೆ ಶಾಯಿ ಬರುತ್ತದೆ. ಮಕ್ಕಳು ಅದರಲ್ಲಿ ಬೆರಳದ್ದಿ ಬರೆದ ಮೇಲೆ ಒಳಗೆ ಉಳಿಯುವ ಬೀಜವನ್ನು ತೊಳೆದು ನೆರಳಲ್ಲಿ ಒಣಗಿಸಿ ಇಟ್ಟರೆ ಮುಂದಿನ ಜೂನಿಗೆ ಬಿತ್ತನೆಗೆ ಬರುತ್ತದೆ.