ನೆಲಮಾಳಿಗೆಯೊಳಗೊಂದು ಘಾಟಿ ರೈಲು

ಮುಂದೆ ಎರಡು ಎಂಜಿನ್, ಹಿಂದಿನಿಂದ ನೂಕಲು ಮತ್ತೊಂದು. ಒಣಹುಲ್ಲು ಹೊದ್ದ ಗುಡ್ಡವನ್ನು ಬಳಸಿಕೊಂಡು ಗೂಡ್ಸ್ ಗಾಡಿಯೊಂದು ನಿಧಾನವಾಗಿ ಮೇಲೇರುತ್ತಿದೆ. ಗುಡ್ಡಕ್ಕೆ ಪೂರ್ತಿ ಒಂದು ಸುತ್ತು ಹಾಕಿದ ಎಂಜಿನ್‌ಗಳು ಮೇಲಿನ ಹಳಿಗೆ ಬಂದಿವೆ. ಅದೇ ಗಾಡಿಯ ಕೊನೆಯ ವ್ಯಾಗನ್‌ಗಳು ಇನ್ನೂ ಕೆಳಗಿನ ಸುರಂಗದೊಳಗೆ ನುಗ್ಗುತ್ತಿವೆ. ತನ್ನ ತಲೆಯ ಮೇಲೆ ತಾನೇ ಹಾದುಹೋಗುವ ಈ ರೈಲನ್ನು ಕಂಡು ಮಕ್ಕಳು ಕಿರುಚುತ್ತಾರೆ. ದೊಡ್ಡವರು ಸುಮ್ಮನೆ ನೋಡುತ್ತಾ ನಿಲ್ಲುತ್ತಾರೆ. ವ್ಯಾಗನ್ ಒಂದೊಂದೂ ಅಂಗೈ ಮೇಲೆ ಕೂರುವಷ್ಟು ದೊಡ್ಡದು, ಅಷ್ಟೇ.

ಇದು ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊ ನಗರದಲ್ಲಿರುವ ಮಾದರಿ ರೈಲುಗಳ ಸಂಗ್ರಹಾಲಯ. ಬಾಲ್ಬೋವಾ ಪಾರ್ಕ್ ಎಂಬ ಬೃಹತ್ ಉದ್ಯಾನದೊಳಗೆ, ಕಾಸಾ ಡಿ ಬಾಲ್ಬೋವಾ ಕಟ್ಟಡದ ನೆಲಮಾಳಿಗೆಯಲ್ಲಿದೆ. ಮಗನ ಮನೆಗೆ ಬಂದಿದ್ದ ನಾವು ಇಲ್ಲಿಗೆ ಹೋದದ್ದು ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಶನಿವಾರ. ನವೆಂಬರ್ ತಿಂಗಳ ನಾಲ್ಕನೇ ಗುರುವಾರ ಬರುವ ಈ ಹಬ್ಬಕ್ಕೆ ಅಮೆರಿಕನ್ನರು ಊರು ಸೇರುತ್ತಾರೆ. ಶುಕ್ರವಾರವೂ ರಜೆ ಸಿಕ್ಕವರಿಗೆ ಒಟ್ಟು ನಾಲ್ಕು ದಿನದ ಬಿಡುವು. ರೈಲು ಮಾದರಿ ಕಟ್ಟುವ ಹವ್ಯಾಸಿಗಳು ಮನೆಯಲ್ಲಿ ತಿಂಗಳುಗಟ್ಟಲೆ ಮಾಡಿದ್ದನ್ನು ಒಬ್ಬರಿಗೊಬ್ಬರು ತೋರಿಸಿಕೊಳ್ಳುವುದು ಇಂಥ ದಿನಗಳಲ್ಲೇ. ನಾವು ಹೋದಾಗಲೂ ಒಳಗೆ ನೋಡಲು ಬಂದವರಷ್ಟೇ ಸಂಖ್ಯೆಯಲ್ಲಿ ತೋರಿಸಲು ಬಂದವರಿದ್ದರು.

ಸಂಗ್ರಹಾಲಯದ ಚರಿತ್ರೆ ಚಿಕ್ಕದು. ಪನಾಮಾ ಕಾಲುವೆ ತೆರೆದ ಸಂಭ್ರಮಕ್ಕಾಗಿ 1915ರಲ್ಲಿ ಈ ಉದ್ಯಾನದಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆಯಿತು. ಅದಕ್ಕೆಂದು ಕಟ್ಟಿದ್ದ ಸೌಧವೊಂದು 1978ರಲ್ಲಿ ಬೆಂಕಿಗೆ ಆಹುತಿಯಾಯಿತು. ಅದೇ ಜಾಗದಲ್ಲಿ, ಅದೇ ಚೆಲುವಿನಲ್ಲಿ ಮತ್ತೆ ಎದ್ದ ಕಟ್ಟಡವೇ ಕಾಸಾ ಡಿ ಬಾಲ್ಬೋವಾ. ಅದರ ಕೆಳಮಹಡಿಯಲ್ಲಿ 1982ರಲ್ಲಿ ರೈಲು ಸಂಗ್ರಹಾಲಯ ಆರಂಭವಾಯಿತು. ವಿಸ್ತಾರ ಸುಮಾರು 27,000 ಚದರ ಅಡಿ. ಇಲ್ಲಿನ ಮಾದರಿಗಳನ್ನು ಕಟ್ಟಿ ನಡೆಸುತ್ತಿರುವವರು ಸಂಬಳವಿಲ್ಲದ ಹವ್ಯಾಸಿಗಳು. ಊರಿನ ಬೇರೆ ಬೇರೆ ರೈಲು ಕ್ಲಬ್ಬುಗಳು ಒಂದೊಂದು ಭಾಗವನ್ನು ವಹಿಸಿಕೊಂಡಿವೆ.

ಮೊದಲು ಹೇಳಿದ ಗುಡ್ಡದ ಮಾದರಿ ಲಾ ಮೇಸಾ ಕ್ಲಬ್ಬಿನದು. ಅದು ಕಲ್ಪನೆಯ ಗುಡ್ಡವಲ್ಲ. ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡ್ ಬಯಲಿನಿಂದ ಮೊಹಾವಿ ಮರುಭೂಮಿಗೆ ಏರಿ ಇಳಿಯುವ ಟೆಹಾಚಪಿ ಘಾಟಿ. ಸದರ್ನ್ ಪೆಸಿಫಿಕ್ ಕಂಪನಿ 1876ರಲ್ಲಿ ಇಲ್ಲಿ ಹಳಿ ಹಾಕಿ ಮುಗಿಸಿತು. ಗುದ್ದಲಿ, ಹಾರೆ ಹಿಡಿದು ಬಂಡೆ ಒಡೆದವರು ಚೀನಾದಿಂದ ಬಂದ ಕೂಲಿಕಾರರು. ಕಡಿದಾದ ಏರನ್ನು ಗಾಡಿ ಒಂದೇ ಉಸಿರಿಗೆ ಹತ್ತಲಾರದು ಎಂದು ಎಂಜಿನಿಯರ್‌ಗಳು ಹಳಿಯನ್ನು ಒಂದು ಗುಡ್ಡದ ಸುತ್ತ ಬಳಸಿ ತಂದರು. ಆ ಸುತ್ತಿನ ಉದ್ದ 3,779 ಅಡಿ. ಸುತ್ತು ಮುಗಿಯುವಷ್ಟರಲ್ಲಿ ಹಳಿ 77 ಅಡಿ ಮೇಲೇರಿರುತ್ತದೆ. ಇದಕ್ಕಿಂತ ಉದ್ದವಾದ ಗಾಡಿ ಬಂದರೆ ಅದು ತನ್ನ ಮೇಲೆ ತಾನೇ ಹಾಯಲೇಬೇಕು.

ಈ ಮಾದರಿಯ ಅಳತೆ ಎಚ್‌ಒ. ನಿಜವಾದದ್ದನ್ನು 87 ಪಾಲು ಮಾಡಿ ಒಂದು ಪಾಲು ಉಳಿಸಿಕೊಂಡ ಹಾಗೆ. ಆ ಲೆಕ್ಕದಲ್ಲಿ ಆಳೆತ್ತರದ ಮನುಷ್ಯ ಎರಡು ಸೆಂಟಿಮೀಟರ್ ಆಗುತ್ತಾನೆ. ಒಂದು ಕಿಲೋಮೀಟರ್ ಉದ್ದದ ಗೂಡ್ಸ್ ಗಾಡಿ ಹನ್ನೊಂದೂವರೆ ಮೀಟರ್ ಆಗುತ್ತದೆ. ಎರಡು ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್. ಆದರೆ ಏರು ಮಾತ್ರ ಕುಗ್ಗುವುದಿಲ್ಲ. ಐವತ್ತು ಅಡಿಗೆ ಒಂದಡಿ ಏರುವ ಹಳಿ ಮಾದರಿಯಲ್ಲೂ ಐವತ್ತು ಸೆಂಟಿಮೀಟರಿಗೆ ಒಂದು ಸೆಂಟಿಮೀಟರ್ ಏರಲೇಬೇಕು. ಪುಟ್ಟ ಎಂಜಿನ್ ಕೂಡ ಅಲ್ಲಿ ಏದುಸಿರು ಬಿಡುತ್ತದೆ. ಚಕ್ರ ಜಾರುತ್ತದೆ, ಹಿಂದಿನಿಂದ ನೂಕಲು ಇನ್ನೊಂದು ಎಂಜಿನ್ ಬೇಕಾಗುತ್ತದೆ. ನಮ್ಮ ಘಾಟಿಗಳಲ್ಲಿ ಬ್ಯಾಂಕರ್ ಎನ್ನುತ್ತಾರಲ್ಲ, ಅದೇ.

ಇದನ್ನೆಲ್ಲ ವಿವರಿಸಿದವರು ಕಟಕಟೆಯ ಆಚೆ ನಿಂತಿದ್ದ ಒಬ್ಬ ಹಿರಿಯರು. ಎಪ್ಪತ್ತು ದಾಟಿದ ವಯಸ್ಸು, ಪಟ್ಟೆ ಪಟ್ಟೆಯ ಎಂಜಿನ್ ಚಾಲಕರ ಟೋಪಿ, ಜೇಬಿನಲ್ಲಿ ಚಿಮಟ, ಇಕ್ಕಳ, ಸಣ್ಣ ಬ್ರಷ್ಷು. ನನ್ನ ಮೊಮ್ಮಗ ಕೇಳಿದ್ದು ಒಂದೇ ಪ್ರಶ್ನೆ: ‘ಎಂಜಿನ್‌ಗೆ ಡ್ರೈವರ್ ಕೋಣೆ ಯಾಕೆ ಮುಂದಿದೆ?’ ಅಲ್ಲಿಂದ ಅವರ ಮಾತು ನಿಲ್ಲಲೇ ಇಲ್ಲ. ಮಾಮೂಲಿ ಉಗಿ ಎಂಜಿನ್‌ನಲ್ಲಿ ಚಾಲಕರ ಕೋಣೆ ಬಾಯ್ಲರಿನ ಹಿಂದೆ ಇರುತ್ತದೆ. ಉದ್ದನೆಯ ಸುರಂಗದೊಳಗೆ ಹೊಗೆಯೆಲ್ಲ ಚಾಲಕರ ಮುಖಕ್ಕೇ ಬಡಿದು ಉಸಿರು ಕಟ್ಟುತ್ತಿತ್ತು. ಸದರ್ನ್ ಪೆಸಿಫಿಕ್‌ನವರು ಎಂಜಿನ್ನನ್ನೇ ಹಿಂದುಮುಂದು ಮಾಡಿ ಚಾಲಕರನ್ನು ಮುಂದಕ್ಕೆ ಕೂರಿಸಿದರು. ಅಂಥ ಎಂಜಿನ್‌ಗಳ ಪೈಕಿ ಒಂದೇ ಒಂದು ಉಳಿದಿದೆ, ಸ್ಯಾಕ್ರಮೆಂಟೊ ನಗರದ ರೈಲ್ವೆ ಸಂಗ್ರಹಾಲಯದಲ್ಲಿ. ಇಲ್ಲಿ ಮಾತ್ರ ಅದರ ಪುಟ್ಟ ರೂಪ ಇವತ್ತಿಗೂ ಗುಡ್ಡ ಹತ್ತುತ್ತದೆ ಎಂದು ಹೇಳುವಾಗ ಹಿರಿಯರ ಮುಖ ಅರಳಿತ್ತು.

ಅವರಿಗೆ ಎಂಜಿನ್‌ಗಿಂತ ಹಳಿಯ ಮೇಲೆ ಪ್ರೀತಿ. ಈಗ ಅಂಗಡಿಯಲ್ಲಿ ಪ್ಲಾಸ್ಟಿಕ್ ಸ್ಲೀಪರುಗಳ ಸಮೇತ ಸಿದ್ಧ ಹಳಿ ಸಿಗುತ್ತದೆ. ತಂದು ಅಂಟಿಸಿದರೆ ಕೆಲಸ ಮುಗಿಯಿತು. ಅವರು ಕಲಿತದ್ದು ಕೈಯಿಂದ ಹಳಿ ಹಾಕುವುದನ್ನು. ಬೆಂಕಿಕಡ್ಡಿಯಷ್ಟು ದಪ್ಪದ ಮರದ ಸ್ಲೀಪರುಗಳನ್ನು ಸಾಲಾಗಿ ಅಂಟಿಸಬೇಕು. ಅವುಗಳ ತಲೆಯನ್ನು ಉಪ್ಪುಕಾಗದದಿಂದ ಉಜ್ಜಿ ಒಂದೇ ಮಟ್ಟಕ್ಕೆ ತರಬೇಕು. ಬಣ್ಣ ಹಿಡಿಸಿ, ಜರಡಿ ಹಿಡಿದ ಜಲ್ಲಿ ಸುರಿದು, ಅಂಟು ಬೆರೆಸಿದ ನೀರನ್ನು ಹನಿಹನಿಯಾಗಿ ಬಿಡಬೇಕು. ಒಣಗಿದ ಮೇಲೆ ಹಳಿಯಿಟ್ಟು, ಅಳತೆಪಟ್ಟಿಯಿಂದ ಅಂತರ ನೋಡುತ್ತ, ಗುಂಡುಸೂಜಿಗಿಂತ ಸಣ್ಣ ಮೊಳೆಗಳನ್ನು ಇಕ್ಕಳದಿಂದ ಒಂದೊಂದಾಗಿ ಒತ್ತಬೇಕು. ಎರಡು ಹಳಿ ಕೂಡುವ ಪಾಯಿಂಟ್ಸ್ ಬಂದರಂತೂ ಇಡೀ ಸಂಜೆ ಅದಕ್ಕೇ ಮೀಸಲು. ಕೂದಲೆಳೆಯಷ್ಟು ತಪ್ಪಿದರೂ ಗಾಡಿ ಅಲ್ಲೇ ಹಳಿ ತಪ್ಪುತ್ತದೆ. ಹಳಿ ಹಾಕುವುದು ಅಂದರೆ ಬಗ್ಗಿಕೊಂಡು ದಿನ ಕಳೆಯುವುದು ಎಂದ ಅವರ ಬೆನ್ನು ನಿಜಕ್ಕೂ ಬಾಗಿತ್ತು.

ಗುಡ್ಡದ ಮಣ್ಣಿನ ಬಗ್ಗೆಯೂ ಅವರಿಗೆ ಅಷ್ಟೇ ಶ್ರದ್ಧೆ. ಮಾದರಿಗೆ ಬೇಕಾದ ಮಣ್ಣನ್ನು ಆಯಾ ಜಾಗದಿಂದಲೇ ತಂದು, ಬೇಯಿಸಿ ಹುಳುಹುಪ್ಪಟೆ ತೆಗೆದು, ಜರಡಿ ಹಿಡಿದು ಬಳಸುವುದು ಈ ಹವ್ಯಾಸಿಗಳ ರೂಢಿ. ಬಣ್ಣ ಬಳಿದು ಮಣ್ಣಿನಂತೆ ಕಾಣಿಸಬಹುದು, ಆದರೆ ಆ ಊರಿನವನು ಬಂದರೆ ಮೋಸ ಹೋಗುವುದಿಲ್ಲ ಎಂಬುದು ಅವರ ವಾದ. ಬೇಸಿಗೆಯಲ್ಲಿ ಹೊಂಬಣ್ಣಕ್ಕೆ ತಿರುಗುವ ಹುಲ್ಲು, ಅಲ್ಲೊಂದು ಇಲ್ಲೊಂದು ಓಕ್ ಮರ, ನೀರಿನ ಟ್ಯಾಂಕು, ಸಿಗ್ನಲ್ ಕಂಬ. ಕಾಲ ಮಾತ್ರ 1950ರ ದಶಕಕ್ಕೆ ನಿಂತಿದೆ, ಉಗಿ ಎಂಜಿನ್ ಹೋಗಿ ಡೀಸೆಲ್ ಬರುತ್ತಿದ್ದ ಕಾಲಕ್ಕೆ.

ನನ್ನ ಮನಸ್ಸನ್ನು ಅತಿ ಹೆಚ್ಚು ತಟ್ಟಿದ ಸಂಗತಿ ಇನ್ನೊಂದಿದೆ. ನಿಜವಾದ ಟೆಹಾಚಪಿ ಘಾಟಿಯಲ್ಲಿ 1971ರಿಂದ ನಿತ್ಯದ ಪ್ರಯಾಣಿಕರ ರೈಲಿಲ್ಲ. ಗೂಡ್ಸ್ ಗಾಡಿಗಳು ಹಗಲೂ ರಾತ್ರಿ ಓಡುತ್ತವೆ, ಟಿಕೆಟ್ ಕೊಂಡು ಹತ್ತುವಂತಿಲ್ಲ. ಕೆಂಪು, ಕಿತ್ತಳೆ ಬಣ್ಣದ ಡೇಲೈಟ್ ಎಂಬ ಚೆಂದದ ರೈಲಿನ ಕಿಟಕಿಯಲ್ಲಿ ಕುಳಿತು ಆ ಸುತ್ತನ್ನು ನೋಡಿದ ಪೀಳಿಗೆಗೆ ಈಗ ವಯಸ್ಸಾಗಿದೆ. ಆ ರೈಲು ಈಗ ಓಡುವುದು ಇಂಥ ಮಾದರಿಗಳಲ್ಲಿ. ನಾವಿದ್ದಾಗಲೇ ಅದು ಸುರಂಗದಿಂದ ಹೊರಬಂತು. ನನ್ನ ಪಕ್ಕದಲ್ಲಿದ್ದ ಅಜ್ಜಿಯೊಬ್ಬರು, ಚಿಕ್ಕಂದಿನಲ್ಲಿ ಅಪ್ಪನ ಜೊತೆ ಅದರಲ್ಲಿ ಹೋಗಿದ್ದೆ ಎಂದು ಮೊಮ್ಮಗಳಿಗೆ ತೋರಿಸುತ್ತಿದ್ದರು.

ಕ್ಲಬ್ಬಿನ ಸದಸ್ಯರು ಗಾಡಿಯನ್ನು ಸುಮ್ಮನೆ ಸುತ್ತಿಸುವುದಿಲ್ಲ. ಕೆಲವು ದಿನ ವೇಳಾಪಟ್ಟಿ ಹಿಡಿದು ಇಡೀ ಘಾಟಿಯನ್ನು ನಡೆಸುತ್ತಾರೆ. ಒಬ್ಬರು ಚಾಲಕ, ಒಬ್ಬರು ಗಾರ್ಡ್, ಸ್ಟೇಷನ್ನಿಗೊಬ್ಬರು. ಎಲ್ಲರಿಗೂ ಆದೇಶ ಕೊಡುವ ನಿಯಂತ್ರಕರಿಗೆ ಹಳಿ ಕಣ್ಣಿಗೆ ಕಾಣುವಂತಿಲ್ಲ. ಫೋನಿನಲ್ಲಿ ಕೇಳಿದ್ದನ್ನು ಕಾಗದದ ಮೇಲೆ ಬರೆದುಕೊಂಡೇ ಯಾವ ಗಾಡಿ ಎಲ್ಲಿ ನಿಲ್ಲಬೇಕು, ಯಾವುದಕ್ಕೆ ದಾರಿ ಬಿಡಬೇಕು ಎಂದು ತೀರ್ಮಾನಿಸಬೇಕು. ಆ ಘಾಟಿಯ ಬಹುಭಾಗ ಒಂದೇ ಹಳಿಯದಾದ್ದರಿಂದ ಲೆಕ್ಕ ತಪ್ಪಿದರೆ ಎರಡು ಗಾಡಿ ಎದುರುಬದುರು. ಗಡಿಯಾರವನ್ನೂ ವೇಗವಾಗಿ ಓಡಿಸುತ್ತಾರೆ. ನಮ್ಮಲ್ಲಿ ಲೈನ್ ಕ್ಲಿಯರ್ ಕೊಡುತ್ತಿದ್ದ ಹಳೆಯ ಸ್ಟೇಷನ್ ಮಾಸ್ಟರ್ ಒಬ್ಬರು ಇಲ್ಲಿಗೆ ಬಂದರೆ ಅರ್ಧ ಗಂಟೆಯಲ್ಲಿ ಕೆಲಸಕ್ಕೆ ನಿಂತುಬಿಡುತ್ತಾರೆ.

ಒಂದು ಬದಿಯಲ್ಲಿ ಹಬ್ಬದ ಹಂಚಿಕೆ ನಡೆದಿತ್ತು. ಒಬ್ಬರು ಸ್ಪಂಜು ತುಂಬಿದ ಪೆಟ್ಟಿಗೆಯಿಂದ ಹಣ್ಣು ಸಾಗಿಸುವ ಹಳದಿ ವ್ಯಾಗನ್ ತೆಗೆದು, ಅದಕ್ಕೆ ತುಕ್ಕು ಮತ್ತು ಧೂಳಿನ ಬಣ್ಣ ಹಿಡಿಸಿದ ಬಗೆಯನ್ನು ಹೇಳುತ್ತಿದ್ದರು. ಒಬ್ಬ ಮಹಿಳೆ ಮರದ ಪಟ್ಟಿಗಳಿಂದ ಕಟ್ಟಿದ ಕಿತ್ತಳೆ ಗೋದಾಮನ್ನು ತಂದಿದ್ದರು. ಅದರ ಮುಂದೆ ಸಾಲಾಗಿ ಪೇರಿಸಿದ ಪೆಟ್ಟಿಗೆಗಳು ಜೋಳದ ಕಾಳಿಗಿಂತ ಸ್ವಲ್ಪವೇ ದೊಡ್ಡವು. ಹೈಸ್ಕೂಲಿನ ಹುಡುಗನೊಬ್ಬ ಎನ್ ಅಳತೆಯ, ಅಂದರೆ 160 ಪಾಲಿನಲ್ಲಿ ಒಂದು ಪಾಲಿನ ಎಂಜಿನ್ ತಂದಿದ್ದ. ಕಾರನ್ನು ಹೊರಗೆ ನಿಲ್ಲಿಸಿ ಗ್ಯಾರೇಜಿನಲ್ಲಿ ರೈಲಿಗೆ ಜಾಗ ಮಾಡಿಕೊಟ್ಟವರೊಬ್ಬರು ಫೋನಿನಲ್ಲಿ ಚಿತ್ರ ತೋರಿಸುತ್ತಿದ್ದರು. ಯಾರೂ ಗುಟ್ಟು ಮಾಡಲಿಲ್ಲ. ಯಾವ ಅಂಟು, ಯಾವ ಬಣ್ಣ, ಎಲ್ಲಿ ಕೆಟ್ಟಿತು, ಹೇಗೆ ಸರಿಯಾಯಿತು ಎಂದು ಬಿಡಿಸಿ ಹೇಳಿದರು. ಆ ಔದಾರ್ಯ ನನಗೆ ತುಂಬ ಹಿಡಿಸಿತು.

ಕೊರಗೂ ಇದೆ. ಕಟಕಟೆಯ ಆಚೆ ನಿಂತವರಲ್ಲಿ ತಲೆ ನರೆಯದವರು ಕಡಿಮೆ. ಹಿರಿಯರಿಗೆ ಅದೇ ಚಿಂತೆ. ಅವರ ಬಾಲ್ಯದಲ್ಲಿ ಊರೂರಿಗೆ ಹವ್ಯಾಸದ ಅಂಗಡಿಗಳಿದ್ದವು. ಹುಡುಗರು ಶನಿವಾರ ಅಲ್ಲಿ ಸೇರಿ ದೊಡ್ಡವರ ಕೈ ನೋಡಿ ಕಲಿಯುತ್ತಿದ್ದರು. ದೇಶಕ್ಕೆಲ್ಲ ಹೆಸರಾಗಿದ್ದ ಡೆನ್ವರ್‌ನ ಕಬೂಸ್ ಹಾಬೀಸ್ ಅಂಗಡಿ 2016ರಲ್ಲಿ ಬಾಗಿಲು ಮುಚ್ಚಿತು. ಆಮೇಲೆ ಅದು ಬೇರೆಯವರ ಕೈಯಲ್ಲಿ ಬೇರೆ ಜಾಗದಲ್ಲಿ ತೆರೆಯಿತಾದರೂ ಅಂಥ ಅದೃಷ್ಟ ಎಲ್ಲಕ್ಕೂ ಇಲ್ಲ. ಎಂಜಿನ್‌ಗಳ ಬೆಲೆಯೂ ಏರಿದೆ. ಸಿದ್ಧ ಸಾಮಾನು ಚೆನ್ನಾಗಿರುತ್ತದೆ, ನಿಜ. ಆದರೆ ಕೊಂಡುಕೊಂಡವನಿಗೆ ಹಳಿ ಹಾಕಲು ಬರುವುದಿಲ್ಲ. ನಾವು ಹೋದ ಮೇಲೆ ಈ ಗುಡ್ಡದ ಹಳಿ ಕೆಟ್ಟರೆ ರಿಪೇರಿ ಮಾಡುವವರು ಯಾರು ಎಂದು ಅವರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಇನ್ನೊಂದು ಕೋಣೆಯಲ್ಲಿ ಸ್ಯಾನ್ ಡಿಯಾಗೊದ್ದೇ ಆದ ರೈಲುಮಾರ್ಗದ ಮಾದರಿಯಿದೆ. ಜಾನ್ ಸ್ಪ್ರೆಕಲ್ಸ್ ಎಂಬ ಉದ್ಯಮಿ 1907ರಲ್ಲಿ ಶುರುಮಾಡಿ 1919ರಲ್ಲಿ ಮುಗಿಸಿದ, ಅಸಾಧ್ಯವೆಂದೇ ಜನ ಕರೆದ ಮಾರ್ಗ ಅದು. ಕರೀಸೊ ಕಂದರದಲ್ಲಿ 1932–33ರಲ್ಲಿ ಕಟ್ಟಿದ, ಐವತ್ತು ಮೀಟರಿಗೂ ಎತ್ತರದ ಮರದ ಸೇತುವೆ ನೋಡಲೇಬೇಕಾದದ್ದು. ಮಾದರಿಯಲ್ಲಿ ಅದರ ಒಂದೊಂದು ಅಡ್ಡಪಟ್ಟಿಯನ್ನೂ ಕೂರಿಸಿದ್ದಾರೆ.

ಅಲ್ಲಿ ನಿಂತಷ್ಟು ಹೊತ್ತೂ ನನಗೆ ನೆನಪಾಗುತ್ತಿದ್ದದ್ದು ಸಕಲೇಶಪುರದ ಘಾಟಿ. ಟೆಹಾಚಪಿ ಸುತ್ತಿನ ಏರು ನೂರಕ್ಕೆ ಎರಡು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ಗೆ ಇಳಿಯುವ ನಮ್ಮ ಹಳಿಯದು ಐವತ್ತಕ್ಕೆ ಒಂದು. ಎರಡೂ ಒಂದೇ. ಆ 55 ಕಿಲೋಮೀಟರಿನಲ್ಲಿ 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ, ದೋಣಿಗಲ್, ಕಡಗರವಳ್ಳಿ, ಯಡಕುಮೇರಿ, ಸಿರಿಬಾಗಿಲು ಎಂಬ ಮಳೆಯಲ್ಲಿ ನೆನೆದ ಸ್ಟೇಷನ್ನುಗಳು. ಅಲ್ಲಿ ಮೀಟರ್ ಗೇಜ್ ಗಾಡಿ 1996ರಲ್ಲಿ ನಿಂತಿತು. ಹಳಿ ಅಗಲವಾಗಿ ಗೂಡ್ಸ್ ಮತ್ತೆ ಓಡಿದ್ದು 2006ರಲ್ಲಿ, ಪ್ರಯಾಣಿಕರ ಗಾಡಿ 2007ರ ಕೊನೆಗೆ. ಆ ಮೀಟರ್ ಗೇಜ್ ಕಾಲದಲ್ಲಿ ಮಳೆಗಾಲದ ರಾತ್ರಿ ಲಾಟೀನು ಹಿಡಿದು ಹಳಿ ಕಾದ ಗ್ಯಾಂಗ್‌ಮನ್‌ಗಳು, ಯಡಕುಮೇರಿಯಲ್ಲಿ ಒಂಟಿಯಾಗಿ ಕುಳಿತ ಸ್ಟೇಷನ್ ಮಾಸ್ಟರ್‌ಗಳು ಇನ್ನೂ ನಮ್ಮ ನಡುವೆ ಇದ್ದಾರೆ. ಯಾವ ತಿರುವಿನಲ್ಲಿ ಜರಿ ಬೀಳುತ್ತಿತ್ತು, ಯಾವ ಸುರಂಗದ ಬಾಯಿಗೆ ಯಾವ ಮರವಿತ್ತು ಎಂಬುದು ಅವರಿಗೆ ಗೊತ್ತು.

ಈ ಘಾಟಿಯನ್ನೂ ಹಾಗೆ ಮಾದರಿಯಾಗಿ ಕಟ್ಟುವುದು ನಮ್ಮವರಿಗೆ ಆಗದ ಕೆಲಸವಲ್ಲ. ಪುಣೆಯಲ್ಲಿ ಭಾವುಸಾಹೇಬ ಜೋಶಿಯವರು ಜೀವಮಾನದ ಹವ್ಯಾಸವನ್ನೇ 1998ರಲ್ಲಿ ಮಾದರಿ ರೈಲಿನ ಸಂಗ್ರಹಾಲಯವಾಗಿ ತೆರೆದರು, ಮಕ್ಕಳು ಇಂದಿಗೂ ಅಲ್ಲಿಗೆ ಹೋಗುತ್ತಾರೆ. ಮೈಸೂರಿನಲ್ಲಿ 1979ರಿಂದ ರೈಲ್ವೆ ಸಂಗ್ರಹಾಲಯವಿದೆ, ಹಳೆಯ ಎಂಜಿನ್‌ಗಳಿವೆ, ನೋಡುವ ಜನರಿದ್ದಾರೆ. ಸಕಲೇಶಪುರದ ಇಡೀ ಘಾಟಿ ಎಚ್‌ಒ ಅಳತೆಯಲ್ಲಿ ಆರುನೂರು ಮೀಟರ್ ದಾಟುತ್ತದೆ, ಅಷ್ಟು ಬೇಡ. ಯಡಕುಮೇರಿಯ ಒಂದು ಸ್ಟೇಷನ್, ಎರಡು ಸುರಂಗ, ಒಂದು ಸೇತುವೆ ಸಾಕು. ಹಾಸನದ ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಮಂಗಳೂರಿನ ಬಡಗಿಗಳು, ನಿವೃತ್ತ ರೈಲ್ವೆ ನೌಕರರು ರಜೆಯ ದಿನಗಳಲ್ಲಿ ಒಂದು ಕೋಣೆಯಲ್ಲಿ ಸೇರಿದರೆ ಕೆಲಸ ಶುರುವಾಗುತ್ತದೆ. ಕಂಡವರು ಇರುವಾಗಲೇ ಕೇಳಿ ಬರೆದುಕೊಳ್ಳಬೇಕು, ಅಳೆದುಕೊಳ್ಳಬೇಕು. ನಿಮ್ಮ ಮನೆಯಲ್ಲಿ ಆ ಘಾಟಿಯಲ್ಲಿ ದುಡಿದ ಹಿರಿಯರಿದ್ದರೆ ಈ ಭಾನುವಾರವೇ ಅವರ ಪಕ್ಕ ಕುಳಿತು ಒಂದು ನಕ್ಷೆ ಬರೆಸಿಕೊಳ್ಳಿ.