ಕಾಣದ ಉಂಗುರದ ಚಿತ್ರ

2024ರ ಮೇ 10, ಬಸವ ಜಯಂತಿಯ ದಿನ. ರಾತ್ರಿ ಹತ್ತೂವರೆ ದಾಟುತ್ತಿದ್ದಂತೆ ಸೂರ್ಯನಿಂದ ಸಿಡಿದು ಬಂದ ಕಣಗಳ ಅಲೆ ಭೂಮಿಯ ಕಾಂತಕ್ಷೇತ್ರಕ್ಕೆ ಬಡಿಯಿತು. ಮರುದಿನ ಬೆಳಿಗ್ಗೆ ಎಂಟರ ಸುಮಾರಿಗೆ, ಅಂದರೆ ನಂಜನಗೂಡಿನಲ್ಲಿ ಶ್ರೀಕಂಠೇಶ್ವರನ ದರ್ಶನಕ್ಕೆ ಸಾಲು ಬೆಳೆಯುವ ವೇಳೆಗೆ, ಕಾಂತ ಬಿರುಗಾಳಿ ತಾರಕಕ್ಕೇರಿತ್ತು. ಯುರೋಪು, ಅಮೆರಿಕದ ಆಕಾಶದ ಕೆಂಪು-ಹಸಿರು ಬಣ್ಣಗಳು ಎಲ್ಲರ ಮೊಬೈಲಿಗೂ ಬಂದವು. ನಂಜನಗೂಡು, ತಿ. ನರಸೀಪುರದ ಬಾನಲ್ಲಿ ಏನೂ ಕಾಣಲಿಲ್ಲ.

ಆದರೆ ಬಿರುಗಾಳಿಯ ತೂಕ ಗೊತ್ತಾಗುವುದು ನಮ್ಮಂಥ ತಗ್ಗು ಅಕ್ಷಾಂಶದ ಊರುಗಳಲ್ಲೇ. ಸಮಭಾಜಕದ ನೆತ್ತಿಯ ಮೇಲೆ, ಸಾವಿರಾರು ಕಿಲೋಮೀಟರ್ ಎತ್ತರದಲ್ಲಿ, ಧನ ಕಣಗಳು ಪಶ್ಚಿಮಕ್ಕೂ ಎಲೆಕ್ಟ್ರಾನುಗಳು ಪೂರ್ವಕ್ಕೂ ಭೂಮಿಯನ್ನು ಸುತ್ತುತ್ತವೆ. ಇದೇ ಉಂಗುರ ವಿದ್ಯುತ್ಪ್ರವಾಹ. ಅದು ಬಲಿತಷ್ಟೂ ಕೆಳಗಿನ ಕಾಂತಕ್ಷೇತ್ರ ಕುಗ್ಗುತ್ತದೆ. ಆ ಬೆಳಿಗ್ಗೆ ಜಾಗತಿಕ ಸೂಚ್ಯಂಕ ತೋರಿಸಿದ ಕುಸಿತ 400 ನ್ಯಾನೊಟೆಸ್ಲಾ ದಾಟಿತ್ತು. ದಕ್ಷಿಣ ಭಾರತದ ಮಟ್ಟಿಗೆ ಅದು ನೂರಕ್ಕೆ ಒಂದು ಪಾಲು. ಇಷ್ಟೇನಾ ಅನ್ನಿಸೀತು, ಆದರೆ ಇಡೀ ಭೂಗೋಳದ ಸುತ್ತ ಅಷ್ಟು ಕುಸಿಯುವುದು ಸಣ್ಣ ಮಾತಲ್ಲ.

ಇಂಥ ಕುಸಿತವನ್ನು ಮೊದಲು ಬರೆದಿಟ್ಟವರ ಸಾಲಿನಲ್ಲಿ ಮುಂಬಯಿಯ ಕೊಲಾಬಾ ವೀಕ್ಷಣಾಲಯವಿದೆ. 1859ರ ಸೆಪ್ಟೆಂಬರ್ 2ರಂದು ಅಲ್ಲಿನ ಸಿಬ್ಬಂದಿ ಕಣ್ಣಲ್ಲೇ ಓದಿ ಬರೆದ ಅಂಕಿಗಳಲ್ಲಿ ಸುಮಾರು 1600 ನ್ಯಾನೊಟೆಸ್ಲಾ ಕುಸಿತ ಸಿಗುತ್ತದೆ. ಅದಕ್ಕೆ ಉಂಗುರವೊಂದೇ ಕಾರಣವೇ ಎಂಬ ವಾದ ಇನ್ನೂ ನಿಂತಿಲ್ಲ. ಮುಂದೆ ಅಲ್ಲಿನ ನಿರ್ದೇಶಕರಾಗಿದ್ದ ಎನ್.ಎ.ಎಫ್. ಮೂಸ್ ದಶಕಗಳ ದಾಖಲೆ ಜಾಲಾಡಿ, ಬಿರುಗಾಳಿ ಮೊದಲು ತುಸು ಏರಿ, ಆಮೇಲೆ ಕುಸಿದು, ನಿಧಾನಕ್ಕೆ ಚೇತರಿಸಿಕೊಳ್ಳುವ ಬಗೆಯನ್ನು 1910ರ ಗ್ರಂಥದಲ್ಲಿ ದಾಖಲಿಸಿದರು. ಚಾಪ್‌ಮನ್ ಮತ್ತು ಫೆರಾರೊ ಉಂಗುರದ ಸಿದ್ಧಾಂತ ಕಟ್ಟಿದ್ದು 1930ರ ದಶಕದಲ್ಲಿ. ಉಂಗುರಕ್ಕೆ ಶಕ್ತಿ ತುಂಬುವುದು ಸೂರ್ಯನಿಂದ ಹರಿದುಬರುವ ಕಣಗಳ ಸೌರ ಮಾರುತ. ಅದು ಬಿಡುವಿಲ್ಲದೆ ಬೀಸುತ್ತದೆ, ಭೂಕಾಂತತೆಯನ್ನು ಕದಲಿಸುತ್ತದೆ ಎಂಬುದನ್ನು ಮ್ಯಾರಿನರ್-2 ಬಾಹ್ಯಾಕಾಶ ನೌಕೆಯ ಮಾಪನಗಳಿಂದ ಸ್ಥಾಪಿಸಿದವರಲ್ಲಿ ನಮ್ಮ ಉಡುಪಿಯ ಯು.ಆರ್. ರಾವ್ ಇದ್ದರು.

ಲೆಕ್ಕವೇನೋ ಇತ್ತು, ಚಿತ್ರ ಇರಲಿಲ್ಲ. ಬೆಳಕನ್ನೇ ಸೂಸದ್ದನ್ನು ಯಾವ ಕ್ಯಾಮೆರಾ ಹಿಡಿದೀತು? ದಾರಿ ತೋರಿದ್ದು ಭೂಮಿಯ ಸುತ್ತ ತೆಳುವಾಗಿ ಹರಡಿರುವ ತಣ್ಣನೆಯ ಹೈಡ್ರೋಜನ್. ಸುತ್ತುತ್ತಿರುವ ಅಯಾನು ಅದರಿಂದ ಒಂದು ಎಲೆಕ್ಟ್ರಾನ್ ಕಿತ್ತುಕೊಂಡರೆ ತಟಸ್ಥ ಪರಮಾಣುವಾಗುತ್ತದೆ. ಆಗ ಕಾಂತಕ್ಷೇತ್ರದ ಹಿಡಿತ ತಪ್ಪುತ್ತದೆ. ನೊಗ ಕಳಚಿದ ಗಾಣದೆತ್ತಿನಂತೆ ಸುತ್ತು ಬಿಟ್ಟು ನೇರ ಓಡುತ್ತದೆ. ಇಂಥ ಪರಮಾಣುಗಳನ್ನು ಹಿಡಿದು ಚಿತ್ರ ಬಿಡಿಸಲು ನಾಸಾ 2000ದ ಮಾರ್ಚ್ 25ರಂದು ಇಮೇಜ್ ಉಪಗ್ರಹವನ್ನು ಹಾರಿಸಿತು.

ಚಿತ್ರ ನೋಡಿದರೆ ಉಂಗುರ ಉಂಗುರವಾಗಿಯೇ ಇರಲಿಲ್ಲ! ಬಿರುಗಾಳಿ ಏರುವಾಗ ಅದು ಒಂದು ಬದಿಗೆ ಮುದ್ದೆಗಟ್ಟಿತ್ತು. ಗಣಕ ಮಾದರಿಗಳು ಆ ಮುದ್ದೆಯನ್ನು ಸಂಜೆಯ ಕಡೆ ನಿರೀಕ್ಷಿಸಿದ್ದವು. ಪ್ರಬಲ ಬಿರುಗಾಳಿಗಳಲ್ಲಿ ಅದು ಸಿಕ್ಕಿದ್ದು ಮಧ್ಯರಾತ್ರಿ ದಾಟಿದ ಕಡೆ. ಉಂಗುರದ ಒತ್ತಡವೇ ತನ್ನನ್ನು ಸಾಗಿಸುವ ವಿದ್ಯುತ್ ಕ್ಷೇತ್ರವನ್ನು ತಿರುಚುತ್ತದೆ ಎಂದು ಸೇರಿಸಿಕೊಂಡ ಮೇಲಷ್ಟೇ ಮಾದರಿ ಚಿತ್ರಕ್ಕೆ ಹೊಂದಿತು. ಈ ಕಥೆಯಲ್ಲಿ ನನಗೆ ಹೆಚ್ಚು ಇಷ್ಟವಾಗುವುದು ಈ ತಿದ್ದುಪಡಿಯೇ. ಒಂದೇ ಕಡೆಯಿಂದ ನೋಡಿದರೆ ಆಳ ತಿಳಿಯದೆಂದು, ಆಮೇಲೆ ಟ್ವಿನ್ಸ್ ಯೋಜನೆಯ ಎರಡು ಉಪಗ್ರಹಗಳು ಎರಡು ಕೋನದಿಂದ ಚಿತ್ರ ತೆಗೆದವು.

2024ರ ಆ ರಾತ್ರಿ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಕ್ಯಾಮೆರಾ ಲಡಾಖಿನ ಹಾನ್ಲೆಯಲ್ಲಿ ಕೆಂಪು ಹೊಳಪನ್ನು ಸೆರೆಹಿಡಿಯಿತು. ಉಂಗುರದಿಂದ ಸೋರಿದ ಶಾಖಕ್ಕೆ ಮೇಲ್ವಾಯುಮಂಡಲದ ಆಮ್ಲಜನಕ ಕೆಂಪಾಗಿ ಬೆಳಗುವುದಿದೆ. ಇದೂ ಅಂಥ ಕೆಂಪೇ ಎಂದು ಸಂಸ್ಥೆ ಹೇಳಿತು.

ಬಿರುಗಾಳಿ ಬಲಿಯಬೇಕಾದರೆ ಸೌರ ಮಾರುತದ ಕಾಂತಕ್ಷೇತ್ರ ದಕ್ಷಿಣಕ್ಕೆ ವಾಲಿರಬೇಕು. ಅದನ್ನು ಈಗ ಭೂಮಿಯಿಂದ ಸೂರ್ಯನತ್ತ 15 ಲಕ್ಷ ಕಿಲೋಮೀಟರ್ ದೂರದಲ್ಲೇ ಅಳೆಯುತ್ತಿದೆ ಆದಿತ್ಯ-ಎಲ್1ರ ಕಾಂತಮಾಪಕ. ಬೆಂಗಳೂರಿನಲ್ಲೇ ತಯಾರಾದದ್ದು. ನೌಕೆಯದೇ ಕಾಂತತ್ವ ಬೆರೆಯದಿರಲೆಂದು ಅದರ ಸಂವೇದಕಗಳನ್ನು 6 ಮೀಟರ್ ಉದ್ದದ ತೋಳಿನ ನಡುವೆ ಒಂದು, ತುದಿಯಲ್ಲಿ ಒಂದು ಇಟ್ಟಿದ್ದಾರೆ. ಅಲ್ಲಿ ಹಾದುಹೋದ ಗಾಳಿ ಇಲ್ಲಿ ತಲುಪಲು ಅರ್ಧ ಗಂಟೆಯಿಂದ ಒಂದು ಗಂಟೆ. ಮಾದರಿಗಳಿಗೆ ಸಿಗುವ ಸಮಯ ಅಷ್ಟೇ.